ವಿತ್‌ಡ್ರಾ ಮಾಡು ಎಂದ ಮಳೆಗಾಲ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಒಂಬತ್ತನೇ ಕ್ಲಾಸಿನ ದಸರಾ ರಜೆಗೆ. ರಜೆ ಮುಗಿಯಿತು, ಶಾಲೆ ಶುರುವಾಯಿತು, ನಾನು ಹೋಗಲಿಲ್ಲ. ದಾವಣಗೆರೆಯಲ್ಲಿ ಅಪ್ಪ ಕೆಲಸಕ್ಕಿದ್ದ ಗಿರಣಿ ಬಾಗಿಲು ಹಾಕಿತ್ತು. ನಮ್ಮ ಬೀದಿಯ ಕೊನೆಗಿದ್ದ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ, ಸುಟ್ಟ ಮೋಟರುಗಳ ಹೊಟ್ಟೆಯಿಂದ ಹಳೆ ತಾಮ್ರದ ತಂತಿ ಕೀಳುವ ಕೆಲಸ ನನಗೆ ಸಿಕ್ಕಿತು. ಅಲ್ಲಿಂದ ನೈರೋಬಿಗೆ ಬಂದದ್ದು ಬೇರೆಯೇ ಕಥೆ. ಇಲ್ಲಿನ ಒಬ್ಬ ಸೇಠರಿಗೆ ಕೈಕೆಲಸ ಬಲ್ಲವನು ಬೇಕಿತ್ತು, ನನಗೆ ಊರು ಬಿಡಬೇಕಿತ್ತು. ಇವತ್ತು ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೇ ವರ್ಕ್‌ಶಾಪ್ ಇದೆ. ಈ ಊರಲ್ಲಿ ಕೈಕೆಲಸದವರನ್ನೆಲ್ಲ ಫಂಡಿ ಎನ್ನುತ್ತಾರೆ. ನನ್ನ ಹೆಸರು ಹಿಡಿದು ಕರೆಯುವವರಿಗಿಂತ ಫಂಡಿ ಎಂದು ಕರೆಯುವವರೇ ಹೆಚ್ಚು. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಹೋದ ತಿಂಗಳು ವೆಸ್ಟ್‌ಲ್ಯಾಂಡ್ಸ್‌ನ ಒಂದು ಕಟ್ಟಡದಿಂದ ಫೋನ್ ಬಂತು. ನೀರು ಮೇಲೇರಿಸುವ ಪಂಪಿನ ಮೋಟರ್ ಸುಟ್ಟಿದೆಯಂತೆ. ವಿಳಾಸ ಕೇಳಿದ ಕೂಡಲೇ ಯಾವ ಕಟ್ಟಡವೆಂದು ತಿಳಿಯಿತು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು, ನಾನೇ ಹೋದೆ. ನೆಲಮಾಳಿಗೆಯ ತುಂಬ ಸುಟ್ಟ ವಾರ್ನಿಶಿನ ಕಮಟು. ಅದು ನನಗೆ ದಿನಾ ಮೂಗಿಗೆ ಬೀಳುವ ವಾಸನೆ, ಏನೂ ಅನ್ನಿಸುವುದಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿತು, ನೆನೆದ ಕಾರ್ಪೆಟ್ಟಿನ ವಾಸನೆ. ಎರಡೂ ಒಟ್ಟಿಗೆ ಬಂದಾಗ ಕಾಲು ತಾನಾಗಿ ಮೂರನೇ ಮಹಡಿಯಲ್ಲಿ ನಿಂತುಬಿಟ್ಟಿತು. ಅಲ್ಲೀಗ ಹಲ್ಲಿನ ಡಾಕ್ಟರರ ಕ್ಲಿನಿಕ್ ಇದೆ. ಎರಡು ವರ್ಷದ ಹಿಂದೆ ಅದೇ ಬಾಗಿಲಿನ ಮೇಲೆ ಒಂದು ಅಮೆರಿಕನ್ ಕಾಲೇಜಿನ ಬೋರ್ಡಿತ್ತು, ಒಳಗೆ ನನ್ನ ಮಗಳು ರಚನಾ ಓದುತ್ತಿದ್ದಳು.

ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಅಮೆರಿಕದ ನಟ್ಟನಡುವೆ ಎಲ್ಲೋ ಇದೆಯಂತೆ, ಹುಲ್ಲುಹಾಸು, ಇಟ್ಟಿಗೆಯ ಗೋಪುರ ಎಲ್ಲ ಚಿತ್ರದಲ್ಲಿ ನೋಡಿದ್ದೇವೆ. ನೈರೋಬಿಯಲ್ಲಿ ಅದರದೊಂದು ಸೆಂಟರ್. ಮೂರು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ, ಕೊನೆಗೆ ಅಮೆರಿಕದ ಡಿಗ್ರಿ. ಒಂದು ಹೋಟೆಲಿನ ಹಾಲ್‌ನಲ್ಲಿ ಸಮೋಸಾ ಕೊಟ್ಟು ಇದನ್ನೆಲ್ಲ ಹೇಳಿದರು. ನನ್ನ ಹೆಂಡತಿ ಗಿರಿಜಾ ಪಾರ್ಕ್‌ಲ್ಯಾಂಡ್ಸ್‌ನ ಒಂದು ನರ್ಸರಿ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವಳು ಫೀಸಿನ ಪಟ್ಟಿ ನೋಡಿ ನನ್ನ ಮುಖ ನೋಡಿದಳು. ನಾನು ಆಗಲೇ ಮನಸ್ಸಿನಲ್ಲಿ ಸಹಿ ಹಾಕಿಯಾಗಿತ್ತು. ನನ್ನ ಮನೆಯಲ್ಲಿ ಇನ್ನು ಯಾರೂ ಅರ್ಧಕ್ಕೆ ಓದು ಬಿಡಕೂಡದು. ಈ ಮಾತನ್ನು ರಚನಾಳ ನಾಮಕರಣದ ದಿನ ನೆಂಟರೆದುರು ಹೇಳಿದ್ದೆ, ಆಮೇಲೂ ಹಬ್ಬಕ್ಕೊಮ್ಮೆ ಹೇಳುತ್ತಲೇ ಬಂದಿದ್ದೆ. ಅವಳಿಗೆ ಅದು ಕೇಳಿ ಕೇಳಿ ಬಾಯಿಪಾಠ.

ಸೆಂಟರಿನ ಕೆಲಸ ನೋಡಿಕೊಳ್ಳುತ್ತಿದ್ದಾಕೆ ವಾಂಜಿರು. ನನ್ನ ವಯಸ್ಸಿಗೆ ಹತ್ತಿರದ, ಮೆಲು ಮಾತಿನ ಹೆಂಗಸು. ಇಲ್ಲಿನ ಪದ್ಧತಿಯಂತೆ ನನ್ನನ್ನು ಮಗಳ ಹೆಸರಿನಿಂದಲೇ ಕರೆಯುತ್ತಿದ್ದರು, ಬಾಬಾ ರಚನಾ, ಅಂದರೆ ರಚನಾಳ ಅಪ್ಪ ಎಂದು. ಮೊದಲ ವರ್ಷ ಮುಗಿದಾಗ ಅವರು ನಿಮ್ಮ ಹುಡುಗಿಗೆ ಮೂವತ್ತು ಕ್ರೆಡಿಟ್ ಆಗಿದೆ ಎಂದರು. ನಾನು ಗಾಬರಿಯಾದೆ. ನಮ್ಮ ವರ್ಕ್‌ಶಾಪಿನಲ್ಲಿ ಕ್ರೆಡಿಟ್ ಎಂದರೆ ಗಿರಾಕಿ ಮೋಟರ್ ಒಯ್ದು ದುಡ್ಡು ಕೊಡದೆ ಉಳಿಸಿಕೊಂಡ ಬಾಕಿ. ಅಷ್ಟೂ ಫೀಸು ಕಟ್ಟಿದ್ದೇನೆ, ಇನ್ನೆಂಥ ಬಾಕಿ ಎಂದು ಕೇಳಿದೆ. ವಾಂಜಿರು ನಕ್ಕು, ಬಾಕಿಯಲ್ಲ ಬಾಬಾ ರಚನಾ, ಇದು ಅವಳ ಖಾತೆಯಲ್ಲಿ ಜಮೆಯಾದದ್ದು, ಬ್ಯಾಂಕಿನ ಹಾಗೆ ಎಂದು ಬಿಡಿಸಿ ಹೇಳಿದರು. ಬ್ಯಾಂಕಿನ ಹಾಗೆ ಎಂದದ್ದು ನನಗೆ ಬಹಳ ಹಿಡಿಸಿತು. ಪ್ರತಿ ಸೆಮಿಸ್ಟರಿಗೂ ಎಷ್ಟು ಜಮೆಯಾಯಿತು ಎಂದು ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಆ ಕ್ರೆಡಿಟ್ಟುಗಳ ಒಳಗೆ ಏನಿದೆ ಎಂದು ನಾನು ಕೇಳಲಿಲ್ಲ. ರಚನಾ ಆಗೀಗ ಅಮ್ಮನ ಹತ್ತಿರ ಹೇಳುತ್ತಿದ್ದಳಂತೆ. ಒಂದು ಪಾಠ ಪೂರ್ತಿ ಕಾಲೇಜಿನಲ್ಲಿ ಓದುವುದು ಹೇಗೆ ಎನ್ನುವುದರ ಬಗ್ಗೆ, ಅದಕ್ಕೂ ಪೂರ್ತಿ ಫೀಸು. ಮೇಷ್ಟ್ರು ಎಂದರೆ ಯಾವಾಗಲೋ ತೆಗೆದ ವಿಡಿಯೊ. ಅದರಲ್ಲಿ ಅವರು ಹೊರಗೆ ಹಿಮ ಬೀಳುತ್ತಿದೆ, ಜೋಪಾನ ಎನ್ನುತ್ತಾರೆ, ಇಲ್ಲಿ ಜನವರಿಯ ಬಿಸಿಲು. ಒಬ್ಬರು ಬರೆದದ್ದಕ್ಕೆ ಇನ್ನಿಬ್ಬರು ನಾನೂ ಒಪ್ಪುತ್ತೇನೆ ಎಂದು ಬರೆದರೆ ಮಾರ್ಕು. ಪ್ರಶ್ನೆ ಕಳಿಸಿದರೆ ಸಂಪರ್ಕಿಸಿದ್ದಕ್ಕೆ ಧನ್ಯವಾದ ಎಂಬ ಉತ್ತರ ಬರುತ್ತದೆ, ಆಮೇಲೆ ಏನೂ ಬರುವುದಿಲ್ಲ. ಫೀಸು ಮಾತ್ರ ವರ್ಷವರ್ಷವೂ ಏರುತ್ತಿತ್ತು. ಒಂದು ಸಲ ವಿದ್ಯಾರ್ಥಿ ಸೌಲಭ್ಯ ಎಂದು ಹೊಸದೊಂದು ಸೇರಿಸಿದ್ದರು. ಏನೆಂದು ವಿಚಾರಿಸಿದರೆ ಅಲ್ಲಿನ ಈಜುಕೊಳಕ್ಕಂತೆ. ವರ್ಕ್‌ಶಾಪಿನಲ್ಲಿ ನನ್ನ ಬಲಗೈಯಾದ ಒಟಿಯೆನೊ ಅದನ್ನು ಕೇಳಿದ ಮೇಲೆ ಎಷ್ಟೋ ದಿನ, ಬೆಳಿಗ್ಗೆ ಬಂದ ಕೂಡಲೇ, ಫಂಡಿ, ಇವತ್ತು ನಮ್ಮ ಕೊಳದಲ್ಲಿ ನೀರು ಬೆಚ್ಚಗಿದೆಯಾ ಎಂದು ಕೇಳುತ್ತಿದ್ದ.

ನಮ್ಮ ಕನ್ನಡದವರಲ್ಲಿ ಓದಿದವರು, ಸೌತ್ ಸಿ ಬಡಾವಣೆಯ ಡಾಕ್ಟರ್ ಶಿವಪ್ರಸಾದ್, ಮೈಸೂರು ಕಡೆಯವರು, ಇಲ್ಲೇ ಇಪ್ಪತ್ತು ವರ್ಷದಿಂದ ಲೆಕ್ಚರರ್. ಸೇರಿಸುವ ಮೊದಲೇ ಅವರು, ಆ ಕಾಲೇಜು ಸರಿಯಾಗಿದೆ ಅಂತ ಮುದ್ರೆ ಒತ್ತಿದೋರು ಯಾರು ನೋಡಿದ್ರಾ ಎಂದು ಕೇಳಿದ್ದರು. ಅಮೆರಿಕದಲ್ಲಿ ಅದನ್ನು ಸರ್ಕಾರ ನೇರವಾಗಿ ನೋಡುವುದಿಲ್ಲವಂತೆ, ಕಾಲೇಜುಗಳೇ ಸೇರಿ ಮಾಡಿಕೊಂಡ ಮಂಡಳಿಗಳು ನೋಡುತ್ತವಂತೆ. "ಅಡುಗೆ ಮಾಡಿದೋರೇ ಪಂಕ್ತೀಲಿ ಕೂತು ಊಟ ಚೆನ್ನಾಗಿದೆ ಅಂದ ಹಾಗೆ ಕಣ್ರೀ" ಎಂದರು. ಒಂಬತ್ತನೇ ಕ್ಲಾಸಿನವನ ಮಗಳು ಅಮೆರಿಕದಲ್ಲಿ ಓದುವುದು ಇವರಿಗೆ ಸಹಿಸದು ಎಂದುಕೊಂಡು ನಾನು ಮಾತು ಬದಲಿಸಿದೆ.

ಆ ವರ್ಷ ಮಾರ್ಚ್ ಕೊನೆಗೆ ದೊಡ್ಡ ಮಳೆ ಹಿಡಿಯಿತು. ಇಲ್ಲಿ ವರ್ಷಕ್ಕೆರಡು ಮಳೆ, ಮಾರ್ಚಿನಿಂದ ಮೇವರೆಗಿನದು ದೊಡ್ಡದು. ಮೋರಿಗಳು ಉಕ್ಕಿದವು, ಮಟಾಟು ಎನ್ನುವ ಇಲ್ಲಿನ ಬಾಡಿಗೆ ವ್ಯಾನುಗಳ ಚಾರ್ಜು ಮಳೆ ಜೋರಾದಂತೆ ಏರಿತು. ನನಗೆ ಮಾತ್ರ ಕೈತುಂಬ ಕೆಲಸ, ಏಕೆಂದರೆ ನೀರು ನುಗ್ಗಿದ ಕಡೆಯೆಲ್ಲ ಮೋಟರ್ ಸುಡುತ್ತದೆ. ಮಳೆ ಶುರುವಾದ ವಾರವೇ ಕಾಲೇಜಿನಿಂದ ಮೇಲ್ ಬಂತು. ನೈರೋಬಿ ಸೆಂಟರ್ ಮುಚ್ಚುತ್ತಿದ್ದೇವೆ, ನಿಮ್ಮ ಪಯಣದಲ್ಲಿ ಜೊತೆಗಿರುತ್ತೇವೆ ಎಂದಿತ್ತು. ಮುಂದುವರಿಯುವವರು ಅಮೆರಿಕಕ್ಕೆ ಬರಬಹುದು, ಇಲ್ಲವೇ ಮನೆಯಲ್ಲೇ ಕೂತು ಆನ್‌ಲೈನ್ ಓದಬಹುದು. ಎರಡಕ್ಕೂ ಅಲ್ಲಿಯ ಪೂರ್ತಿ ಫೀಸು, ಇಲ್ಲಿ ಕಟ್ಟುತ್ತಿದ್ದುದರ ಮೂರು ಪಟ್ಟು.

ರಚನಾಳ ಖಾತೆಯಲ್ಲಿ ಆಗ ಅರವತ್ತಕ್ಕೂ ಹೆಚ್ಚು ಕ್ರೆಡಿಟ್ ಇದ್ದವು. ಅಷ್ಟನ್ನು ಬಿಟ್ಟು ಬರುವುದುಂಟೆ? ವೈಂಡಿಂಗ್ ಮಷಿನ್ ಮೇಲೆ ಸಾಲ ಕೇಳಿ ಬಂದೆ, ಆನ್‌ಲೈನೇ ಆಗಲಿ, ಮುಗಿಸು ಎಂದೆ. ಅವಳು ಆಗಲಿ ಎಂದು ತಲೆಯಾಡಿಸಿದಳು. ಅಂದಿನಿಂದ ತಟ್ಟೆಯಲ್ಲಿ ಅನ್ನ ಕಲಸಿ ಕಲಸಿ ಎದ್ದುಹೋಗುತ್ತಿದ್ದಳು. ಲ್ಯಾಪ್‌ಟಾಪ್ ತೆರೆದಿರುತ್ತಿತ್ತು, ಅವಳು ಕಿಟಕಿಯ ಕಡೆ ನೋಡುತ್ತಿರುತ್ತಿದ್ದಳು. ನಮ್ಮದು ಎರಡು ಕೋಣೆಯ ಫ್ಲಾಟು. ಒಬ್ಬರ ಮೌನ ಮೂವರಿಗೂ ಮುಟ್ಟುತ್ತದೆ. ಗಿರಿಜಾ ಒಂದು ದಿನ, ಹುಡುಗಿ ಒಳಗೊಳಗೇ ಬಾಡ್ತಿದಾಳೆ ಕಣ್ರೀ ಎಂದಳು. ಓದೆಂದರೆ ಸುಮ್ಮನೆಯೇ, ಕಷ್ಟಪಡಲಿ ಎಂದೆ.

ಕೊನೆಗೆ ನಾನೇ ನಾಚಿಕೆ ಬಿಟ್ಟು ಶಿವಪ್ರಸಾದರಿಗೆ ಫೋನ್ ಮಾಡಿದೆ. ಅವರು ಹಳೆಯದನ್ನು ಎತ್ತಲಿಲ್ಲ, ಅದು ಅವರ ದೊಡ್ಡತನ. ಆ ಕ್ರೆಡಿಟ್ಟುಗಳನ್ನು ಅಲ್ಲಿಂದ ತೆಗೆಸಿಕೊಂಡು ಬಂದರೆ ಇಲ್ಲಿಯ ಯಾವುದಾದರೂ ಯೂನಿವರ್ಸಿಟಿ ಅರ್ಧವಾದರೂ ಒಪ್ಪಿಕೊಳ್ಳಬಹುದು, ಕೇಳಿ ನೋಡೋಣ ಎಂದರು. ತೆಗೆಸಿಕೊಂಡು ಬಂದರೆ ಎಂಬ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ನೈರೋಬಿಯಲ್ಲಿ ಬೀದಿಗೊಂದು ಮೊಬೈಲ್ ಹಣದ ಗೂಡಂಗಡಿ. ಅಲ್ಲಿ ದಿನವೂ ನಾನು ಆಡುವ ಮಾತು ಎರಡೇ, ಡಿಪಾಸಿಟ್, ವಿತ್‌ಡ್ರಾ. ಒಂದು ಗೂಡಿನಲ್ಲಿ ಹಾಕಿದ್ದನ್ನು ಊರಿನ ಯಾವ ಗೂಡಿನಲ್ಲಾದರೂ ತೆಗೆಯಬಹುದು.

ಅದರ ಮರುದಿನವೇ ರಚನಾ ವರ್ಕ್‌ಶಾಪಿಗೆ ಬಂದಳು. ಅವಳು ಅಲ್ಲಿಗೆ ಬರುವುದೇ ಅಪರೂಪ. ಛತ್ರಿ ಇಲ್ಲ, ತಲೆಯಿಂದ ನೀರು ಇಳಿಯುತ್ತಿತ್ತು. ನಾನು ಒಂದು ಮೋಟರಿನ ಸ್ಟೇಟರಿಗೆ ತಂತಿಯ ಕಾಯಿಲ್ ತುಂಬುತ್ತಿದ್ದೆ, ಕೈಬಿಡುವ ಹಾಗಿರಲಿಲ್ಲ. ಅವಳು ನಮ್ಮ ಮಾತು ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ.

"ಅಪ್ಪಾ, ಕ್ಯಾನ್ ಐ ವಿತ್‌ಡ್ರಾ?" ಎಂದಳು.

ಶಿವಪ್ರಸಾದರೇ ಅವಳಿಗೂ ಹೇಳಿರಬೇಕು ಎಂದುಕೊಂಡೆ. "ಮಾಡವ್ವ, ಅದಕ್ಯಾಕೆ ಕೇಳ್ತಿ" ಎಂದೆ.

ಅವಳು ಹತ್ತಿರ ಬಂದು ನಿಂತಳು. "ಆರ್ ಯು ಶೂರ್? ಎವ್ರಿಥಿಂಗ್?"

"ಎಲ್ಲಾನೂ ಮಾಡು. ಅಲ್ಲಿ ಒಂದೂ ಉಳಿಸಬ್ಯಾಡ. ಇವತ್ತೇ ಮಾಡು."

ಸ್ಟೇಟರ್ ಮೇಲೆ ಬಗ್ಗಿದ್ದ ನನ್ನನ್ನು ಹಿಂದಿನಿಂದ ತಬ್ಬಿಕೊಂಡಳು. ಸಣ್ಣವಳಿದ್ದಾಗ ಬಿಟ್ಟರೆ ಹಾಗೆ ತಬ್ಬಿದವಳಲ್ಲ. ಬಿಳಿ ಅಂಗಿಗೆ ವಾರ್ನಿಶ್ ಹತ್ತಿತು, ನೋಡಿಕೊಳ್ಳಲೂ ಇಲ್ಲ. ಓಡುತ್ತ ಮಳೆಯಲ್ಲಿ ಹೋದಳು. ಒಟಿಯೆನೊ, ಫಂಡಿ, ಏನು ಕೊಡಿಸಿದೆ ಅವಳಿಗೆ ಎಂದು ಕೇಳಿದ. ಅವಳದನ್ನೇ ಅವಳಿಗೆ ತೆಗೆದುಕೋ ಎಂದೆ, ಅಷ್ಟಕ್ಕೆ ಇಷ್ಟು ಖುಷಿ ಎಂದು ನಾನೂ ನಕ್ಕೆ.

ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಕ್ರೆಡಿಟ್ ಬರಲಿಲ್ಲ. ಬಂದದ್ದು ಬಿಲ್ಲು. ಮುಂದಿನ ಸೆಮಿಸ್ಟರಿನ ಫೀಸು ಬಾಕಿಯಿದೆ, ಅದು ತೀರುವವರೆಗೆ ಮಾರ್ಕುಗಳ ದಾಖಲೆ ಕೊಡಲಾಗುವುದಿಲ್ಲ ಎಂದಿತ್ತು. ಬಿಲ್ಲು ಬರುತ್ತಿದ್ದದ್ದು ನನ್ನ ಫೋನಿಗೆ, ರಚನಾಳಿಗೆ ತೋರಿಸಲಿಲ್ಲ. ಇದು ಅವರ ತಪ್ಪು, ನಾನೇ ಸರಿಮಾಡಿಸುತ್ತೇನೆ ಎಂದುಕೊಂಡೆ.

ನೈರೋಬಿಯಲ್ಲಿ ಕೊಡಬೇಕಾದವರು ಕೊಡದಿದ್ದರೆ ನನ್ನದೊಂದು ದಾರಿಯಿದೆ. ಜಗಳ ಮಾಡುವುದಿಲ್ಲ. ಕೆಲಸದ ಓವರಾಲ್ ಹಾಕಿಕೊಂಡೇ ಹೋಗಿ ಅವರ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ವಾರ್ನಿಶ್, ಗ್ರೀಸ್, ಬೆವರು. ನನ್ನ ಪಕ್ಕದಲ್ಲಿ ಬೇರೆ ಗಿರಾಕಿಗಳು ಕೂರುವುದಿಲ್ಲ. ಮಧ್ಯಾಹ್ನದೊಳಗೆ ಒಳಗಿನಿಂದ ಯಾರಾದರೂ ದೊಡ್ಡವರು ಬಂದು ಚೆಕ್ ಕೊಟ್ಟು ಕಳಿಸುತ್ತಾರೆ. ದೊಡ್ಡ ದೊಡ್ಡ ಫ್ಯಾಕ್ಟರಿಗಳಲ್ಲಿ ಈ ದಾರಿ ನಡೆದಿದೆ. ಆ ಸೆಂಟರಿನ ನೀಲಿ ಸೋಫಾದ ಮೇಲೂ ಹಾಗೇ ಹೋಗಿ ಕೂತೆ.

ಎರಡು ದಿನ ಕೂತೆ. ಸೋರಿದ ನೀರಿಗೆ ಕಾರ್ಪೆಟ್ ನೆನೆದು ನಾರುತ್ತಿತ್ತು. ಹಾಯ್ದು ಹೋಗುವ ಗಿರಾಕಿಯೇ ಇರಲಿಲ್ಲ, ಯಾರಿಗೆ ಮುಜುಗರವಾಗಬೇಕು? ವಾಂಜಿರು ಚಹಾ ತಂದುಕೊಟ್ಟರು. ಅಮೆರಿಕಕ್ಕೆ ಬರೆದಿದ್ದೇನೆ ಬಾಬಾ ರಚನಾ, ಸಂಪರ್ಕಿಸಿದ್ದಕ್ಕೆ ಧನ್ಯವಾದ ಎಂದು ಬಂತು ಎಂದರು. ಅವರಿಗೂ ಸಂಬಳ ನಿಂತಿತ್ತು. ನಾನು ವೈಂಡಿಂಗ್ ಮಾಡಿದ ಮೋಟರ್ ಬೇಗ ಸುಟ್ಟರೆ ಬಿಟ್ಟಿ ಮಾಡಿಕೊಡಬೇಕು, ಅದು ಅಂಗಡಿಯ ಮಾತು. ಎಷ್ಟೋ ಸಲ ತಪ್ಪನ್ನು ವೋಲ್ಟೇಜ್ ಮೇಲೆ ಹಾಕಿ ಜಾರಿಕೊಂಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಗಿರಾಕಿ ಬಂದು ಎದುರು ನಿಂತು ಬೈಯಬಹುದು. ನಾನು ಎಲ್ಲಿರುತ್ತೇನೆಂದು ಅವನಿಗೆ ಗೊತ್ತು. ಇಲ್ಲಿ ಬೈಯೋಣವೆಂದರೆ ಎದುರಿಗಿದ್ದದ್ದು ನನ್ನ ಹಾಗೇ ಸಿಕ್ಕಿಕೊಂಡ ಒಬ್ಬ ಹೆಂಗಸು, ಗೋಡೆಯ ಮೇಲೆ ಇಟ್ಟಿಗೆ ಗೋಪುರದ ಚಿತ್ರ.

ಮೂರನೆಯ ದಿನ ಕಟ್ಟಡದ ಮಾಲೀಕನ ಕಡೆಯವರು ನಾಲ್ಕು ಜನ ಬಂದರು. ಸೆಂಟರಿನ ಬಾಡಿಗೆ ಬಂದಿರಲಿಲ್ಲವಂತೆ, ಸಾಮಾನು ಜಪ್ತಿ. ಕುರ್ಚಿ, ಮೇಜು, ಕಂಪ್ಯೂಟರ್ ಒಂದೊಂದಾಗಿ ಹೋದವು. ಕೊನೆಗೆ ನನ್ನ ಮುಂದೆ ಬಂದು ನಿಂತರು. ಅವರಲ್ಲೊಬ್ಬ ಬಹಳ ಮರ್ಯಾದೆಯಿಂದ, "ಪೋಲೆ, ಮ್ಜೇ" ಎಂದ. ಕ್ಷಮಿಸಿ ಹಿರಿಯರೇ ಎಂದು ಅದರ ಅರ್ಥ. ನಾನು ಎದ್ದೆ. ಅವರು ಸೋಫಾ ಎತ್ತಿಕೊಂಡು ಹೋದರು. ಎದುರಾಳಿ ಆಫೀಸನ್ನು ಕೂತು ಗೆಲ್ಲಬಲ್ಲೆ ಎಂದುಕೊಂಡಿದ್ದವನಿಗೆ ಕೂರಲು ಜಾಗವಿಲ್ಲದಂತಾಯಿತು.

ವಾಂಜಿರು ಕಿಟಕಿಯ ಕಟ್ಟೆಯ ಮೇಲೆ ಕೂತು ನನಗೂ ಜಾಗ ಮಾಡಿದರು. ಈಗಲಾದರೂ ಹೇಳಿ, ವಿತ್‌ಡ್ರಾ ಮಾಡಿದ್ದು ಯಾಕೆ ಕೈಗೆ ಬಂದಿಲ್ಲ ಎಂದೆ.

"ಬಾಬಾ ರಚನಾ, ವಿತ್‌ಡ್ರಾ ಅಂದರೆ ತೆಗೆದುಕೊಂಡಳು ಅಂತಲ್ಲ," ಎಂದರು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ. "ಬಿಟ್ಟಳು ಅಂತ. ಅವಳು ಕಾಲೇಜು ಬಿಟ್ಟಿದ್ದಾಳೆ. ನೀವೇ ಒಪ್ಪಿದಿರಿ ಅಂತ ಬರೆದಿದ್ದಾಳಲ್ಲ?"

ಹೊರಗೆ ಮಳೆ ಹೊಡೆಯುತ್ತಿತ್ತು. ಅವರು ಮಿಕ್ಕದ್ದನ್ನೂ ಹೇಳಿದರು. ಹೆಸರು ನೋಂದಾಯಿಸುವ ದಿನ ಕಳೆದ ಮೇಲೆ ಬಿಟ್ಟದ್ದರಿಂದ ಆ ಸೆಮಿಸ್ಟರಿನ ಫೀಸು ಬಿಡುವುದಿಲ್ಲ. ಯಾವ ಸೆಮಿಸ್ಟರು ಎಂದರೆ, ನಡೆಯುವ ಕೋಣೆಯೇ ಇಲ್ಲದ್ದು. ಅದನ್ನು ಕಟ್ಟದೆ ಅರವತ್ತು ಕ್ರೆಡಿಟ್ಟಿನಲ್ಲಿ ಒಂದೂ ಆಚೆ ಬರುವುದಿಲ್ಲ. ಕಟ್ಟಿ ತೆಗೆಸಿದರೂ ಇಲ್ಲಿಯವರು ಎಷ್ಟನ್ನು ಒಪ್ಪುತ್ತಾರೋ ಹೇಳಲಾಗದು, ಹೆಚ್ಚಿನವು ಆ ಕಾಲೇಜಿನೊಳಗೆ ಮಾತ್ರ ಚಲಾವಣೆಯವು. ಉಳಿದ ದಾರಿ ಒಂದೇ. ಶುಕ್ರವಾರದೊಳಗೆ ಬಿಟ್ಟದ್ದನ್ನು ರದ್ದು ಮಾಡಿ ಎಂದು ಬರೆದುಕೊಟ್ಟು ದುಡ್ಡು ಕಟ್ಟಿದರೆ ಅವಳು ಮತ್ತೆ ಅದೇ ಆನ್‌ಲೈನಿನ ವಿದ್ಯಾರ್ಥಿ. ನನಗೊಂದು ಫೋನ್ ಮಾಡಿ ಸಾಕು, ನಾನೇ ಬರೆಯುತ್ತೇನೆ ಎಂದರು.

ಮನೆಗೆ ಹೊರಟೆ. ಪಾರ್ಕ್‌ಲ್ಯಾಂಡ್ಸ್ ಅಲ್ಲಿಂದ ನಡೆಯುವಷ್ಟೇ ದೂರ, ಆದರೆ ರಸ್ತೆಯಲ್ಲಿ ಮೊಣಕಾಲು ನೀರು, ಮಟಾಟು ಹತ್ತಿದೆ. ಅದು ರೌಂಡಬೌಟಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಿಟಕಿ ಮುಚ್ಚಿ ಉಸಿರು ಕಟ್ಟುತ್ತಿತ್ತು, ತೆರೆದರೆ ಮಳೆ. ಅವಳಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತ ಕೂತೆ. ನನಗೆ ಅರ್ಥವಾಗಿರಲಿಲ್ಲ ಕಣವ್ವ, ನಾನು ಬಿಡು ಅಂದದ್ದಲ್ಲ, ಓದು ಬಿಡು ಎಂದು ನಾನು ಹೇಳುವವನಾ. ಇಷ್ಟೇ ಹೇಳಬೇಕಿತ್ತು. ಆದರೆ ನನಗೆ ಅರ್ಥವಾಗಿರಲಿಲ್ಲ ಎಂಬ ಮೊದಲ ಮಾತಿಗೇ ಬಂದು ನಿಲ್ಲುತ್ತಿದ್ದೆ. ಫಂಡಿಗೆ ಮಗಳೆದುರು ಒಂದು ಇಂಗ್ಲಿಷ್ ಮಾತು ತಿಳಿಯಲಿಲ್ಲ ಎಂದು ಒಪ್ಪಬೇಕಿತ್ತು.

ಬಾಗಿಲು ತೆಗೆದಾಗ ಅಡುಗೆಮನೆಯಲ್ಲಿ ನಗು. ತಾಯಿ ಮಗಳು ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಗಿರಿಜಾಳ ಸ್ವಾಹಿಲಿಯನ್ನು ರಚನಾ ಅಣಕಿಸುತ್ತಿದ್ದಳು, ತರಕಾರಿಯವನ ಹತ್ತಿರ ಅಮ್ಮ ಈರುಳ್ಳಿ ಕೇಳಿ ಬೆಳ್ಳುಳ್ಳಿ ತಂದಿದ್ದಳಂತೆ. ಹಸಿ ಬಟಾಣಿ ಬಾಯಿಗೆ ಹಾಕಿಕೊಳ್ಳುತ್ತ ನನ್ನ ಕಡೆ ನೋಡಿದಳು. ಕೆನ್ನೆ ತುಂಬಿಕೊಂಡಿತ್ತು. ಆಮೇಲೆ ಅವಳು ಕನ್ನಡದಲ್ಲಿ ಮಾತಾಡಿದಳು, ಎಡವುತ್ತ, ಹುಡುಕುತ್ತ.

"ಅಪ್ಪಾ, ನೀನು ಬಿಡಬೇಡ ಅಂತೀಯ ಅಂತ... ತುಂಬಾ ಭಯ ಇತ್ತು ನಂಗೆ. ನೀನು ಬಿಡು ಅಂದೆ. ಥ್ಯಾಂಕ್ಸ್."

ನಾನು ಊಟಕ್ಕೇನಿದೆ ಎಂದು ಕೇಳಿದೆ.

ಶುಕ್ರವಾರದವರೆಗೆ ಆ ಫ್ಲಾಟಿನಲ್ಲಿ ನಾನು ಓಡಾಡಿದ್ದು ಬೋನಿನಲ್ಲಿದ್ದ ಹಾಗೆ. ಹೇಳಿದರೆ ಅವಳು ಮರುಮಾತಾಡದೆ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ, ಕಿಟಕಿಯತ್ತ ನೋಡುತ್ತ. ನನ್ನ ಮಾತು ಮೀರುವವಳಲ್ಲ, ಅದೇ ತೊಂದರೆ. ಹೇಳದಿದ್ದರೆ ಈ ಮನೆಯಲ್ಲಿ ಎರಡನೆಯವರ ಓದೂ ಅರ್ಧಕ್ಕೆ ನಿಂತಿತು, ಅದೂ ನನ್ನ ಬಾಯಿಂದ. ಬೆಳಿಗ್ಗೆ ಹೇಳೋಣ ಎಂದುಕೊಳ್ಳುವುದು, ಅವಳು ಹಾಡಿಕೊಳ್ಳುತ್ತ ತಲೆ ಬಾಚುತ್ತಿದ್ದರೆ ಬೂಟು ಹಾಕಿಕೊಂಡು ಹೊರಬೀಳುವುದು.

ಶುಕ್ರವಾರ ಬುತ್ತಿ ಕೈಗಿಡುತ್ತ ಗಿರಿಜಾ ತಗ್ಗಿದ ದನಿಯಲ್ಲಿ ಕೇಳಿದಳು, "ರೀ, ನಿಮಗೆ ಆ ಮಾತಿನ ಅರ್ಥ ಗೊತ್ತಿರ್ಲಿಲ್ಲ, ಹೌದಲ್ರೀ?"

"ಗೊತ್ತಿತ್ತು" ಎಂದೆ.

ಅವಳು ಬುತ್ತಿಯ ಮುಚ್ಚಳ ಇನ್ನೊಮ್ಮೆ ಒತ್ತಿ ಸರಿಮಾಡಿ ಕೊಟ್ಟಳು.

ಅವತ್ತು ನೀರು ನುಗ್ಗಿದ ಒಂದು ಫ್ಯಾಕ್ಟರಿಯಿಂದ ಲಾರಿ ತುಂಬ ಮೋಟರ್ ಬಂದಿದ್ದವು. ವಾಂಜಿರು ನಂಬರನ್ನು ಎಷ್ಟೋ ಸಲ ತೆಗೆದೆ, ಕೈ ಒರೆಸಿಕೊಂಡೆ, ಫೋನ್ ಜೇಬಿಗೆ ಹಾಕಿದೆ. ತೀರ್ಮಾನ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಗಡುವಿನ ಬಾಗಿಲು ಮುಚ್ಚುವವರೆಗೆ ಅದರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ, ಅಷ್ಟೆ. ಸಂಜೆ ಶಟರ್ ಎಳೆಯುವಾಗ ಒಟಿಯೆನೊ ಏನು ಫಂಡಿ, ಮುಖ ಹೀಗೆ ಎಂದ. ತಂತಿ ಸಾಲಲಿಲ್ಲ ಎಂದೆ.

ಸೆಪ್ಟೆಂಬರಿನಲ್ಲಿ ರಚನಾ ಇಲ್ಲಿಯದೇ ಒಂದು ಕಾಲೇಜಿನಲ್ಲಿ ಮೆಡಿಕಲ್ ಲ್ಯಾಬ್ ಡಿಪ್ಲೊಮಾಕ್ಕೆ ಸೇರಿದಳು. ಮೊದಲ ವರ್ಷದ ಮೊದಲ ದಿನದಿಂದ, ತನಗಿಂತ ಮೂರು ವರ್ಷ ಚಿಕ್ಕವರ ಜೊತೆ. ಅವರು ಅವಳನ್ನು ಮಾಮಾ, ಅಂದರೆ ಅಮ್ಮ ಎಂದು ಕರೆದು ಕಾಡುತ್ತಾರೆ. ಮೇಷ್ಟ್ರು ಒಬ್ಬರು ದಿನಾ ಎದುರು ನಿಂತು ಬೈಯುತ್ತಾರಂತೆ, ಅದನ್ನು ಬಹಳ ಸಂತೋಷದಿಂದ ಹೇಳುತ್ತಾಳೆ. ಅಮೆರಿಕದ ಬಾಕಿಯನ್ನು ಆ ಕಾಲೇಜು ವಸೂಲಿಯವರಿಗೆ ವಹಿಸಿದೆ. ತಿಂಗಳಿಗೊಮ್ಮೆ ಒಬ್ಬ ಫೋನ್ ಮಾಡಿ ನನ್ನ ಹೆಸರು ಹಿಡಿದು, ಹೇಗಿದ್ದೀರಿ, ಅಲ್ಲಿ ಮಳೆಯೇ ಎಂದು ವಿಚಾರಿಸುತ್ತಾನೆ. ಅಷ್ಟೂ ವರ್ಷದಲ್ಲಿ ಅಮೆರಿಕದಿಂದ ನಮ್ಮೊಡನೆ ಮಾತಾಡಿದ ಮೊದಲ ಜೀವಂತ ಮನುಷ್ಯ ಅವನು. ನಾನು ಕಟ್ಟುವುದಿಲ್ಲ ಎನ್ನುತ್ತೇನೆ. ಅವನು ಅರ್ಥವಾಗುತ್ತದೆ ಎನ್ನುತ್ತಾನೆ, ಮತ್ತೆ ಮುಂದಿನ ತಿಂಗಳು ಮಾಡುತ್ತಾನೆ.

ಮಗಳಿಗೆ ನಾನು ಇವತ್ತಿಗೂ ಹೇಳಿಲ್ಲ. ಅಪ್ಪ ತಿಳಿದೇ ಬಿಡಿಸಿದ ಎಂದು ಗೆಳತಿಯರ ಹತ್ತಿರ ಹೇಳಿಕೊಳ್ಳುತ್ತಾಳೆ, ನಾನು ಪಕ್ಕದಲ್ಲಿದ್ದರೆ ಪೇಪರ್ ಎತ್ತಿಕೊಳ್ಳುತ್ತೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆ ಇಷ್ಟು ಬರೆದೆ. ನೈರೋಬಿಯಲ್ಲಿ ಇದನ್ನು ಓದುವವರು ಅವಳಿಗೆ ಹೇಳದಿದ್ದರೆ ಉಪಕಾರ.

ಈಗ ನನ್ನಲ್ಲಿರುವುದು ಇಷ್ಟು. ಒಂದು ವರ್ಕ್‌ಶಾಪ್, ಬಾಡಿಗೆಯದು. ಎರಡು ವೈಂಡಿಂಗ್ ಮಷಿನ್, ಒಂದು ಹೊಸದು. ಒಟಿಯೆನೊ ಸೇರಿ ನಾಲ್ಕು ಜನ ಕೆಲಸದವರು. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಎರಡು ಕೋಣೆ. ಹೆಂಡತಿ ಒಬ್ಬಳು, ಅವಳು ಮತ್ತೆ ಕೇಳಿಲ್ಲ. ಎರಡನೇ ವರ್ಷದಲ್ಲಿ ಓದುತ್ತಿರುವ ಮಗಳು ಒಬ್ಬಳು. ಓದು ಮುಗಿಸಿದವರು, ಸದ್ಯಕ್ಕೆ ಯಾರೂ ಇಲ್ಲ.